ಬಾವಿಗೂ ಒಂದು ಪರೀಕ್ಷೆ ಇರಲಿ

‘ಪರೀಕ್ಷಾ ನಿಮಗ ಇರ್ತಾವ ಬೇ, ಬಾವಿಗೆಲ್ಲಿ ಪರೀಕ್ಷಾ?’

ಹಿತ್ತಲಿನ ಬಾವಿಯಿಂದ ನೀರು ಸೇದಿ ಬಾಟಲಿಗೆ ತುಂಬಿಸುತ್ತಿದ್ದಾಗ ನಮ್ಮ ಆಯಿ ಕೇಳಿದ ಪ್ರಶ್ನೆ ಇದು. ಆಗ ನಕ್ಕು ಸುಮ್ಮನಾಗಿದ್ದೆ. ಈಗ ಆ ಪ್ರಶ್ನೆಗೆ ಉತ್ತರ ಬರೆಯಬೇಕು ಎನಿಸುತ್ತಿದೆ. ಆಯಿಗೆ ಮಾತ್ರವಲ್ಲ, ಮನೆಯಲ್ಲಿ ಬಾವಿಯೋ ಬೋರ್‌ವೆಲ್ಲೋ ಇರುವ ನನ್ನ ವಯಸ್ಸಿನ ಎಲ್ಲರಿಗೂ.

ನಮ್ಮದು ಕಲಘಟಗಿ ತಾಲ್ಲೂಕಿನ ಒಂದು ಸಣ್ಣ ಊರು. ನಾನು ಹುಬ್ಬಳ್ಳಿಯ ಕಾಲೇಜೊಂದರಲ್ಲಿ ಸಿವಿಲ್ ಬಿ.ಇ. ಓದುತ್ತಿದ್ದೇನೆ. ಅವ್ವನ ತವರು ನವಲಗುಂದ ಕಡೆಯ ಎರಿ ಸೀಮೆ. ಒಂದೇ ಜಿಲ್ಲೆಯಾದರೂ ನೀರಿನ ಲೆಕ್ಕದಲ್ಲಿ ಇವೆರಡು ಬೇರೆ ದೇಶಗಳಿದ್ದಂತೆ. ನವಲಗುಂದ, ಅಣ್ಣಿಗೇರಿ ಕಡೆಯ ಕಪ್ಪು ನೆಲದಲ್ಲಿ ಬಾವಿ ತೋಡಿದರೆ ಸಿಗುವುದು ಹೆಚ್ಚಾಗಿ ಸವಳು ನೀರು. ಅದು ದನಕ್ಕೆ, ಬಟ್ಟೆಗೆ. ಕುಡಿಯಲು ಊರ ಕೆರೆಯೇ ಗತಿ. ಅವ್ವ ಸಣ್ಣವಳಿದ್ದಾಗ ಕೊಡ ಹೊತ್ತು ಕೆರೆಗೆ ನಡೆದವಳು. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ದಿನ ಹಿತ್ತಲಲ್ಲೇ ಬಾವಿ, ಅದರಲ್ಲಿ ಸಿಹಿ ನೀರು ಕಂಡು ‘ನನ್ನ ನಸೀಬ ತೆರೀತು’ ಅಂದುಕೊಂಡಳಂತೆ. ಇಂದಿಗೂ ತವರಿನಿಂದ ಯಾರೇ ಬಂದರೂ ಚಹಾಕ್ಕಿಂತ ಮೊದಲು ಒಂದು ತಂಬಿಗೆ ಬಾವಿ ನೀರು ಕೊಟ್ಟು ಅವರ ಮುಖ ನೋಡುತ್ತಾಳೆ.

ಅಂಥ ಬಾವಿಯ ನೀರನ್ನು ನಾನು ಕಳೆದ ಮಳೆಗಾಲದಲ್ಲಿ ಬಾಟಲಿಗೆ ತುಂಬಿ ಬಸ್ಸಿನಲ್ಲಿ ಕಾಲೇಜಿಗೆ ಒಯ್ದೆ. ಪರಿಸರ ಎಂಜಿನಿಯರಿಂಗ್ ಲ್ಯಾಬ್‌ಗೆ ಎಲ್ಲರೂ ಮನೆಯ ನೀರು ತರಬೇಕೆಂದು ಮೇಡಂ ಹೇಳಿದ್ದರು. ಹಾಸ್ಟೆಲ್‌ನವರು ಫಿಲ್ಟರ್ ನೀರು ತಂದಿದ್ದರು, ಪಟ್ಟಣದವರು ನಲ್ಲಿ ನೀರು. ಬಾವಿ ನೀರು ನನ್ನದೊಂದೇ. ಗಡಸುತನದ ಪರೀಕ್ಷೆಯಲ್ಲಿ ಕೆಂಪಗಿದ್ದ ನೀರು ನೀಲಿಗೆ ತಿರುಗಿದಾಗ ಲೆಕ್ಕ ಹಾಕಿದೆ. ಮಿತಿಯೊಳಗೇ ಇತ್ತು. ಪಿಎಚ್, ಕ್ಲೋರೈಡ್ ಎಲ್ಲ ಸರಿ. ಅವ್ವನ ಬಾವಿ ಡಿಸ್ಟಿಂಕ್ಷನ್‌ನಲ್ಲಿ ಪಾಸ್ ಎಂದು ಗೆಳತಿಯರ ಮುಂದೆ ಬೀಗಿದೆ.

ಮೇಡಂ ಕೇಳಿದ್ದು ಒಂದೇ ಮಾತು. ‘ಮನೆಯಲ್ಲಿ ಸಣ್ಣ ಕೂಸು ಇದೆಯಾ?’

ಇತ್ತು. ಅಕ್ಕ ಬಾಣಂತನಕ್ಕೆ ಬಂದಿದ್ದಳು. ಎರಡು ತಿಂಗಳ ಕೂಸಿಗೆ ಎದೆಹಾಲು ಸಾಲದೆ ವೈದ್ಯರ ಸಲಹೆಯಂತೆ ಪುಡಿ ಹಾಲನ್ನೂ ಕೊಡುತ್ತಿದ್ದರು. ಅದನ್ನು ಕಲಸುತ್ತಿದ್ದುದು ಇದೇ ಬಾವಿ ನೀರಿನಲ್ಲಿ. ‘ಹಾಗಾದರೆ ನೈಟ್ರೇಟ್ ನೋಡದೆ ಹೋಗಬೇಡ’ ಅಂದರು ಮೇಡಂ. ನೋಡಿದೆವು. ಲೀಟರಿಗೆ 62 ಮಿಲಿಗ್ರಾಂ ಬಂತು. ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ಗಡಸುತನಕ್ಕೆ 200, ಬೇರೆ ನೀರೇ ಇಲ್ಲದಿದ್ದರೆ 600ರವರೆಗೂ ನಡೆಯುತ್ತದೆ ಎಂಬ ರಿಯಾಯಿತಿ ಇದೆ. ನೈಟ್ರೇಟ್‌ಗೆ ಅಂಥ ರಿಯಾಯಿತಿ ಇಲ್ಲ.

ಕಾರಣ ಕೂಸುಗಳೇ. ನೈಟ್ರೇಟ್ ದೇಹದೊಳಗೆ ನೈಟ್ರೈಟ್ ಆಗಿ ಬದಲಾಗಿ, ರಕ್ತದ ಹಿಮೋಗ್ಲೋಬಿನ್ ಆಮ್ಲಜನಕ ಹೊರದಂತೆ ಮಾಡುತ್ತದೆ. ದೊಡ್ಡವರ ದೇಹ ಇದನ್ನು ಹೇಗೋ ನಿಭಾಯಿಸುತ್ತದೆ. ಆರು ತಿಂಗಳೊಳಗಿನ ಕೂಸಿಗೆ ಅದು ಕಷ್ಟ. ತುಟಿ, ಉಗುರು ನೀಲಿಯಾಗುತ್ತವೆ. ‘ನೀಲಿ ಮಗು’ ಕಾಯಿಲೆ ಎಂದು ಕರೆಯುವುದು ಇದನ್ನೇ.

ಬಸ್ಸಿನಲ್ಲಿ ಊರಿಗೆ ವಾಪಸಾಗುವಾಗ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು ಸಂಗತಿ. ಅಕ್ಕ ದಿನಾ ಬೆಳಗ್ಗೆ ಎದ್ದು ಆ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಸೋಸಿ ಇಡುತ್ತಿದ್ದಳು. ಕುದಿಸಿದರೆ ರೋಗಾಣು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ. ಅಕ್ಕನ ಕಾಳಜಿಯಲ್ಲಿ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ಮಾಹಿತಿಯಲ್ಲಿ.

ಮನೆಯಲ್ಲಿ ಇದನ್ನು ಹೇಳಿದಾಗ ಮೊದಲು ಸಿಟ್ಟಾದವಳು ಅವ್ವ. ‘ಇಂಥಾ ನೀರಿಗೆ ಹೆಸರಿಡಬ್ಯಾಡ’ ಅಂದಳು. ಆಯಿಯ ವಾದ ಇನ್ನೂ ಗಟ್ಟಿ. ‘ನಿಮ್ಮಪ್ಪಗ ಇದ ನೀರ ಕುಡಿಸಿ ದೊಡ್ಡಾಂವನ್ನ ಮಾಡೀನಿ. ನನಗ ಎಂಬತ್ತರ ಮ್ಯಾಲಾತು, ಏನಾಗೇತಿ?’ ಇದಕ್ಕೆ 62, 45 ಎಂಬ ಅಂಕಿಗಳಲ್ಲಿ ಉತ್ತರ ಕೊಟ್ಟರೆ ನಡೆಯುವುದಿಲ್ಲ ಎಂದು ನನಗೆ ಗೊತ್ತಾಯಿತು.

ಮೇಡಂ ಎರಡು ಸಣ್ಣ ಬಾಟಲಿ ಕೊಟ್ಟಿದ್ದರು. 1982ರಲ್ಲಿ ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಕಟಿಸಿದ ಸರಳ ವಿಧಾನ ಅದು. ಎಚ್‌ಟುಎಸ್ ಪರೀಕ್ಷೆ ಅನ್ನುತ್ತಾರೆ. ಬಾಟಲಿಯೊಳಗೆ ಔಷಧ ಸವರಿದ ಕಾಗದ ಇರುತ್ತದೆ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರಿಗೆ ಮಲದ ರೋಗಾಣು ಸೇರಿದ್ದರೆ ಅದು ಕಪ್ಪಾಗುತ್ತದೆ. ಒಂದಕ್ಕೆ ಬಾವಿ ನೀರು, ಇನ್ನೊಂದಕ್ಕೆ ಅಕ್ಕ ಕುದಿಸಿಟ್ಟ ನೀರು ತುಂಬಿ ಒಲೆಯ ಪಕ್ಕದ ಗೂಡಿನಲ್ಲಿಟ್ಟೆ. ಮರುದಿನ ಸಂಜೆಗೆ ಮೊದಲನೆಯದು ಕಾಡಿಗೆಯಂತೆ ಕಪ್ಪಾಗಿತ್ತು. ಕುದಿಸಿದ್ದು ಹಾಗೇ ಇತ್ತು. ಆಯಿ ಎರಡನ್ನೂ ಕೈಯಲ್ಲಿ ಹಿಡಿದು, ದೀಪದ ಬೆಳಕಿಗೆ ಒಡ್ಡಿ ನೋಡಿದಳು. ‘ಇದು ನಮ್ಮ ಬಾವೀದಾ?’ ಎಂದು ಒಮ್ಮೆ ಕೇಳಿದಳು. ಆಮೇಲೆ ಬಹಳ ಹೊತ್ತು ಮಾತಾಡಲಿಲ್ಲ.

ಆ ರಾತ್ರಿ ಮಲಗುವ ಮುಂಚೆ ತಾನಾಗಿಯೇ ಹೇಳಿದಳು: ‘ಏಳು ಹಡದೆ. ನಾಲ್ಕು ಉಳದ್ವು.’ ಆ ಮೂರು ಕೂಸುಗಳಿಗೆ ಏನಾಗಿತ್ತೋ ನನಗೆ ಗೊತ್ತಿಲ್ಲ, ಬಾವಿಯೇ ಕಾರಣ ಎಂದು ಹೇಳಲಾರೆ. ಆದರೆ ‘ನಾವು ಕುಡಿದು ಬದುಕಿಲ್ಲವೇ?’ ಎನ್ನುವ ಮಾತು ಬದುಕಿ ಉಳಿದವರ ಬಾಯಿಂದ ಮಾತ್ರ ಬರಲು ಸಾಧ್ಯ ಎಂಬುದು ಅಂದು ನನಗೆ ಹೊಳೆಯಿತು.

ಆಯಿಯ ಕಾಲದ ಬಾವಿ ಕೆಟ್ಟದ್ದಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬಾವಿ ಅದೇ ಇದೆ, ಅದರ ಸುತ್ತಲಿನದು ಬದಲಾಗಿದೆ. ಮರುದಿನ ಅಪ್ಪ ಮತ್ತು ನಾನು ಟೇಪ್ ಹಿಡಿದು ಅಳೆದೆವು. ಕೆಲವು ವರ್ಷಗಳ ಹಿಂದೆ ಕಟ್ಟಿದ ಶೌಚಾಲಯದ ಗುಂಡಿ ಬಾವಿಯಿಂದ 24 ಅಡಿಯಲ್ಲಿತ್ತು. ಜಾಗ ಅನುಕೂಲ ಎಂದು ಗೌಂಡಿ ತೋರಿಸಿದ ಕಡೆ ತೋಡಿಸಿದ್ದೆವು, ಬಾವಿಯ ಯೋಚನೆ ಯಾರಿಗೂ ಬಂದಿರಲಿಲ್ಲ. ಸೆಪ್ಟಿಕ್ ಟ್ಯಾಂಕಿನ ನೀರು ಇಂಗುವ ಗುಂಡಿ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ಅಂದರೆ ಸುಮಾರು 60 ಅಡಿ ದೂರ ಇರಬೇಕೆಂದು ಭಾರತೀಯ ಮಾನಕ ಹೇಳುತ್ತದೆ. ಇನ್ನೊಂದು ಬದಿಗೆ ತಿಪ್ಪೆ. ಅದರಾಚೆ ಗೋವಿನಜೋಳದ ಹೊಲ, ಅದಕ್ಕೆ ವರ್ಷವೂ ಯೂರಿಯಾ. ಬಾವಿಕಟ್ಟೆಗೆ ತಾಗಿಯೇ ಬಟ್ಟೆ ಒಗೆಯುವ ಕಲ್ಲು. ಕಟ್ಟೆಯ ಬುಡದ ಬಿರುಕಿನಿಂದ ಒಗೆದ ನೀರು ಮತ್ತೆ ಬಾವಿಗೇ ಇಳಿಯುತ್ತಿತ್ತು. ಇಷ್ಟು ವರ್ಷ ಪ್ರತಿ ಮಳೆಗಾಲದಲ್ಲಿ ತಮ್ಮನ ಹೊಟ್ಟೆ ಕೆಟ್ಟಾಗ ‘ಹವಾ ಬದಲಾತು’ ಅನ್ನುತ್ತಿದ್ದೆವು.

ಇಲ್ಲಿ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ನಾವು ನೀರನ್ನು ನಾಲಿಗೆಯಿಂದ ಪರೀಕ್ಷಿಸುವವರು. ಅವ್ವನ ತವರಿನಲ್ಲಿ ನಾಲಿಗೆ ಒಳ್ಳೆಯ ಕಾವಲುಗಾರ, ಸವಳು ನೀರನ್ನು ಬಾಯಿಗಿಟ್ಟ ಕೂಡಲೇ ಉಗುಳಿಸುತ್ತದೆ. ಆದರೆ ಕಲಘಟಗಿಯ ಸಿಹಿ ನೀರಿನ ಮುಂದೆ ಅದೇ ನಾಲಿಗೆ ಮೋಸ ಹೋಗುತ್ತದೆ. ನಮ್ಮ ಬಾವಿಯಲ್ಲಿದ್ದಷ್ಟು ನೈಟ್ರೇಟ್‌ಗೆ ರುಚಿಯಿಲ್ಲ. ಫ್ಲೋರೈಡ್‌ಗೆ ಬಣ್ಣವಿಲ್ಲ. ರೋಗಾಣುಗಳು ತಿಳಿ ನೀರಿನಲ್ಲೂ ಇರುತ್ತವೆ. ಪಕ್ಕದ ಗದಗ ಜಿಲ್ಲೆಯ ಮುಂಡರಗಿ ಭಾಗದಲ್ಲಿ ಫ್ಲೋರೈಡ್ ನೀರು ಕುಡಿದವರ ಹಲ್ಲುಗಳ ಕಲೆ ನೋಡಿದರೆ ಸಾಕು. ಆ ನೀರೂ ಕಣ್ಣಿಗೆ ತಿಳಿಯಾಗಿಯೇ ಇತ್ತು.

ಇದಕ್ಕಿಂತ ದೊಡ್ಡ ಪಾಠ ಬಾಂಗ್ಲಾದೇಶದ್ದು. ಕೆರೆ–ಕುಂಟೆಗಳ ನೀರಿನಿಂದ ವಾಂತಿಭೇದಿ ಬರುತ್ತದೆ ಎಂದು 1970ರ ದಶಕದಲ್ಲಿ ಅಲ್ಲಿ ಊರೂರಿಗೆ ಕೊಳವೆಬಾವಿ ಹಾಕಿಸಿದರು. ನೀರು ತಿಳಿ, ರುಚಿಯೂ ಚೆನ್ನ. ಅದರಲ್ಲಿ ಆರ್ಸೆನಿಕ್ ಇದೆ ಎಂದು ದೃಢಪಟ್ಟದ್ದು 1993ರಲ್ಲಿ. ಆಮೇಲೆ ಒಂದೊಂದೇ ಕೊಳವೆಬಾವಿಯನ್ನು ಪರೀಕ್ಷಿಸಿ, ಕುಡಿಯಬಾರದ್ದಕ್ಕೆ ಕೆಂಪು, ಕುಡಿಯಬಹುದಾದ್ದಕ್ಕೆ ಹಸಿರು ಬಣ್ಣ ಬಳಿಯಬೇಕಾಯಿತು. ಬಾವಿ ತೋಡಿದ ದಿನವೇ ಆ ಪರೀಕ್ಷೆ ನಡೆದಿದ್ದರೆ?

ನಮ್ಮಲ್ಲಿ ಸರ್ಕಾರಿ ನೀರಿಗೆ ಒಂದು ವ್ಯವಸ್ಥೆ ಇದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲಜೀವನ ಮಿಷನ್ ನಮ್ಮ ರಾಜ್ಯದಲ್ಲಿ ‘ಮನೆ ಮನೆಗೆ ಗಂಗೆ’ ಹೆಸರಿನಲ್ಲಿ ಬಂದಿದೆ. ಅದರ ಪ್ರಕಾರ ಕುಡಿಯುವ ನೀರಿನ ಮೂಲಗಳಲ್ಲಿ ರಾಸಾಯನಿಕ ಪರೀಕ್ಷೆ ವರ್ಷಕ್ಕೊಮ್ಮೆ, ರೋಗಾಣು ಪರೀಕ್ಷೆ ಮಳೆಗಾಲದ ಮೊದಲು ಮತ್ತು ನಂತರ, ಹೀಗೆ ಎರಡು ಸಲ ಆಗಬೇಕು. ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ಕಿಟ್ ಬಳಸಿ ನೀರು ಪರೀಕ್ಷಿಸುವ ತರಬೇತಿ ಕೊಡಬೇಕು. ಇದೆಲ್ಲ ಎಷ್ಟು ನಡೆಯುತ್ತಿದೆ ಎಂದು ಗ್ರಾಮಸಭೆಯಲ್ಲಿ ಕೇಳುವ ಹಕ್ಕು ನಮಗಿದೆ. 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರಿನಿಂದ ಜನ ಸತ್ತಾಗ ಇಡೀ ರಾಜ್ಯ ಪ್ರಶ್ನೆ ಕೇಳಿತು. ನಲ್ಲಿ ನೀರು ಕೆಟ್ಟರೆ ಉತ್ತರ ಕೊಡಲು ಯಾರಾದರೂ ಒಬ್ಬರಿರುತ್ತಾರೆ.

ಹಿತ್ತಲಿನ ಬಾವಿ ಕೆಟ್ಟರೆ ಯಾರನ್ನು ಕೇಳುವುದು? ಅದಕ್ಕೆ ವಾಟರ್‌ಮನ್ ಇಲ್ಲ, ಎಂಜಿನಿಯರ್ ಇಲ್ಲ. ಅದರ ಮಾಲೀಕರೂ ನಾವೇ, ಗ್ರಾಹಕರೂ ನಾವೇ. ಹಾಗಾಗಿ ಅದರ ಇನ್‌ಸ್ಪೆಕ್ಟರ್ ಕೂಡ ನಾವೇ ಆಗಬೇಕು.

‘ಈಗ ನಲ್ಲಿ ಬಂದಿದೆಯಲ್ಲ, ಬಾವಿ ಮುಚ್ಚಿದರಾಯಿತು’ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮಲಪ್ರಭಾ ನೀರನ್ನು ನಮ್ಮ ಜಿಲ್ಲೆಯ ಹಳ್ಳಿಗಳಿಗೆ ಮುಟ್ಟಿಸುವ ಬಹುಗ್ರಾಮ ಯೋಜನೆಗೆ 2023ರ ಮಾರ್ಚ್‌ನಲ್ಲಿ ಧಾರವಾಡದಲ್ಲಿ ಶಂಕುಸ್ಥಾಪನೆ ಆಯಿತು, ವೆಚ್ಚ 1,040 ಕೋಟಿ ರೂಪಾಯಿಗೂ ಹೆಚ್ಚು. ಒಳ್ಳೆಯದೇ. ಆದರೆ ಪೈಪ್ ಒಡೆದ ದಿನ, ಕರೆಂಟ್ ಹೋದ ದಿನ ನಮ್ಮ ಕೈ ಹಿಡಿಯುವುದು ಬಾವಿಯೇ. ಮನೆಯ ಹಿರಿಯರಿಗೆ ಜ್ವರ ಬಂದರೆ ಹೊರಗೆ ಹಾಕುತ್ತೇವೆಯೇ? ಪರೀಕ್ಷೆ ಮಾಡಿಸಿ ಔಷಧ ಕೊಡುತ್ತೇವೆ.

ಇನ್ನು ಕೆಲವರು ಪರೀಕ್ಷೆಯನ್ನೇ ಬಿಟ್ಟು ಸೀದಾ ಯಂತ್ರ ಕೊಳ್ಳುತ್ತಾರೆ. ಮನೆಗೆ ಬರುವ ಮಾರಾಟಗಾರ ನೀರಿನ ಲೋಟದಲ್ಲಿ ಎರಡು ಕಡ್ಡಿ ಇಳಿಸಿ ಕರೆಂಟ್ ಹರಿಸುತ್ತಾನೆ. ನೀರು ಕಂದಾಗುತ್ತದೆ. ‘ನೋಡ್ರಿ, ಎಷ್ಟು ಹೊಲಸೈತಿ!’ ಅನ್ನುತ್ತಾನೆ. ಆ ಬಣ್ಣ ಬಂದದ್ದು ಕಬ್ಬಿಣದ ಕಡ್ಡಿ ಕರಗಿ ತುಕ್ಕಾದ್ದರಿಂದ. ಲವಣ ಕಡಿಮೆ ಇರುವ ಆರ್‌ಒ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಅದಕ್ಕೇ ಅದು ತಿಳಿಯಾಗಿ ಕಾಣುತ್ತದೆ. ಅವನ ಜೇಬಿನ ಟಿಡಿಎಸ್ ಪೆನ್ ಒಟ್ಟು ಲವಣದ ಅಂದಾಜು ಹೇಳುತ್ತದೆ, ಒಂದೇ ಒಂದು ರೋಗಾಣುವೂ ಅದಕ್ಕೆ ಕಾಣುವುದಿಲ್ಲ. ರೋಗಾಣು ಸಮಸ್ಯೆಯಿದ್ದರೆ ಕುದಿಸುವುದು, ಕ್ಲೋರಿನ್ ಅಥವಾ ಯುವಿ ಸಾಕು. ನೈಟ್ರೇಟ್, ಫ್ಲೋರೈಡ್ ಇದ್ದರೆ ಇವು ಯಾವುವೂ ಕೆಲಸಕ್ಕೆ ಬಾರವು, ಆರ್‌ಒ ಬೇಕು ಇಲ್ಲವೇ ಬೇರೆ ನೀರು ಬೇಕು. ಯಾವ ರೋಗ ಎಂದು ತಿಳಿಯದೆ ಮಾತ್ರೆ ನುಂಗಬಾರದಲ್ಲವೇ?

ಹಾಗಾದರೆ ಏನು ಮಾಡಬೇಕು? ನಾವು ಮಾಡಿದ್ದನ್ನೇ ಹೇಳುತ್ತೇನೆ. ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಪ್ರಯೋಗಾಲಯಗಳಿವೆ. ಜಲಜೀವನ ಮಿಷನ್ ಅಡಿ ಇಂಥ ಪ್ರಯೋಗಾಲಯಗಳನ್ನು ಜನಸಾಮಾನ್ಯರಿಗೂ ಅಲ್ಪ ಶುಲ್ಕಕ್ಕೆ ತೆರೆಯಲಾಗಿದೆ. ರಾಸಾಯನಿಕ ಪರೀಕ್ಷೆಗೆ ಶುಭ್ರ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ತೊಳೆದು ತುಂಬಿ. ರೋಗಾಣು ಪರೀಕ್ಷೆಗೆ ಮನೆಯ ಬಾಟಲಿ ಬೇಡ, ಪ್ರಯೋಗಾಲಯದವರು ಕೊಡುವ ಸ್ಟೆರೈಲ್ ಬಾಟಲಿಯನ್ನೇ ಬಳಸಿ, ಒಳಗೆ ಬೆರಳು ತಾಗಿಸದೆ ತುಂಬಿ, ತಂಪಾಗಿಟ್ಟು ಅದೇ ದಿನ ಮುಟ್ಟಿಸಿ. ಬೋರ್‌ವೆಲ್ ಆದರೆ ಮೋಟರ್ ಕೆಲವು ನಿಮಿಷ ಓಡಿಸಿದ ಮೇಲೆ ನೀರು ಹಿಡಿಯಿರಿ. ವರದಿಯಲ್ಲಿ ಇ–ಕೋಲೈ ಎದುರಿಗೆ ಏನಿದೆ ನೋಡಿ. 100 ಮಿಲಿಲೀಟರ್ ನೀರಿನಲ್ಲಿ ಒಂದೂ ಇರಕೂಡದು. ನೈಟ್ರೇಟ್ 45ರೊಳಗೆ ಇರಲಿ. ಫ್ಲೋರೈಡ್ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಯಾವ ಕಾರಣಕ್ಕೂ 1.5 ದಾಟಬಾರದು. ಎಚ್‌ಟುಎಸ್ ಬಾಟಲಿ ಒಂದು ಸೂಚನೆ ಮಾತ್ರ. ಕಪ್ಪಾಗಲಿಲ್ಲ ಎಂದು ಪ್ರಯೋಗಾಲಯಕ್ಕೆ ಹೋಗದೆ ಬಿಡಬೇಡಿ.

ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕುವುದಕ್ಕೂ ಲೆಕ್ಕವಿದೆ. ಹೈಸ್ಕೂಲಿನಲ್ಲಿ ಕಲಿತ ಸಿಲಿಂಡರ್ ಸೂತ್ರ ಅಲ್ಲಿ ಉಪಯೋಗಕ್ಕೆ ಬಂತು. ನಮ್ಮ ಬಾವಿಯ ಅಗಲ 2.4 ಮೀಟರ್, ನೀರಿನ ಆಳ 3.6 ಮೀಟರ್. ಅಂದರೆ ಸುಮಾರು 16,300 ಲೀಟರ್. ಸಾವಿರ ಲೀಟರಿಗೆ 2.5 ಗ್ರಾಂ ಒಳ್ಳೆಯ ಪೌಡರ್ ಎಂದರೆ ಸುಮಾರು 41 ಗ್ರಾಂ. ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯನ್ನಷ್ಟೇ ಬಾವಿಗೆ ಸುರಿದು, ಕೊಡ ಇಳಿಸಿ ಚೆನ್ನಾಗಿ ಕಲಕಿದೆವು. ಕನಿಷ್ಠ ಒಂದು ಗಂಟೆ ಬಿಡಬೇಕು. ರಾತ್ರಿ ಹಾಕಿ ಬೆಳಗ್ಗೆ ಬಳಸುವುದು ಸುಲಭ. 2019ರ ಆಗಸ್ಟ್‌ನಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಆದಂತೆ ಪ್ರವಾಹದ ನೀರು ನುಗ್ಗಿದ ಬಾವಿಗೆ ಇಷ್ಟು ಸಾಲದು. ಆರೋಗ್ಯ ಇಲಾಖೆಯವರನ್ನು ಕರೆದು, ಹೆಚ್ಚು ಪ್ರಮಾಣದಲ್ಲಿ ಶುದ್ಧೀಕರಿಸಿ, ಮರುಪರೀಕ್ಷೆ ಆಗುವವರೆಗೆ ಕುಡಿಯಬಾರದು.

ಪೌಡರ್ ಹಾಕಿದರೂ ಮೂಲ ಕಾರಣ ಹೋಗುವುದಿಲ್ಲ. ಅಪ್ಪ ಕಟ್ಟೆಯ ಬಿರುಕು ಮುಚ್ಚಿಸಿದ. ಸುತ್ತಲೂ ಹೊರಕ್ಕೆ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿದ, ಮೇಲೆ ಜಾಲರಿ ಮುಚ್ಚಳ ಬಂತು. ಒಗೆಯುವ ಕಲ್ಲು ದೂರ ಹೋಯಿತು, ತಿಪ್ಪೆ ಹೊಲಕ್ಕೆ ಹೋಯಿತು. ಶೌಚದ ಗುಂಡಿಯನ್ನು ಸುಗ್ಗಿ ಮುಗಿದು ಕೈಗೆ ದುಡ್ಡು ಬಂದ ಮೇಲೆ ಬೇರೆ ಕಡೆ ಮಾಡಿಸಿದ. ಮರುಪರೀಕ್ಷೆಯಲ್ಲಿ ರೋಗಾಣು ಇರಲಿಲ್ಲ. ನೈಟ್ರೇಟ್ ಮಾತ್ರ ಇನ್ನೂ ಮಿತಿಗಿಂತ ಮೇಲೇ ಇದೆ. ನೆಲಕ್ಕೆ ವರ್ಷಗಟ್ಟಲೆ ಇಳಿದದ್ದು ಒಂದು ಸುಗ್ಗಿಯಲ್ಲಿ ಹೋಗುವುದಿಲ್ಲ. ಕೂಸಿನ ಹಾಲಿಗೆ ಊರಿನ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಆ ನೀರನ್ನು ಕುದಿಸಿ ಬಳಸಿದೆವು. ಕೂಸಿಗೆ ಏನೂ ಆಗಲಿಲ್ಲ. ನಾವು ಜಾಣರಾಗಿದ್ದರಿಂದಲ್ಲ, ಮೇಡಂ ಒಂದು ಪ್ರಶ್ನೆ ಕೇಳಿದ್ದರಿಂದ.

ಗೆಳೆಯರೇ, ಆ ಪ್ರಶ್ನೆಯನ್ನು ಈಗ ನಾವು ಕೇಳಬೇಕಿದೆ. ಬಿ.ಇ. ಓದುವ ನಮಗೆ ಎಐಸಿಟಿಇ ನಿಯಮದಂತೆ ನಾಲ್ಕು ವರ್ಷಗಳಲ್ಲಿ 100 ಆಕ್ಟಿವಿಟಿ ಪಾಯಿಂಟ್ ಬೇಕು. ಅದಕ್ಕಾಗಿ ಒಂದು ಸಸಿ ನೆಟ್ಟು ಹತ್ತು ಜನ ಫೋಟೊ ತೆಗೆಸಿಕೊಂಡು ಸರ್ಟಿಫಿಕೇಟ್ ಜೋಡಿಸುವುದು ನಮಗೆಲ್ಲ ಗೊತ್ತಿರುವ ಗುಟ್ಟು. ಅದರ ಬದಲು ಪ್ರತಿಯೊಬ್ಬರೂ ತಮ್ಮ ಓಣಿಯ ಹತ್ತು ಬಾವಿ–ಬೋರ್‌ವೆಲ್‌ಗಳ ನೀರು ತಂದು ಕಾಲೇಜಿನ ಲ್ಯಾಬ್‌ನಲ್ಲಿ ಪರೀಕ್ಷಿಸಿ, ವರದಿಯನ್ನು ಕನ್ನಡದಲ್ಲಿ ಬರೆದು ಮನೆಯವರ ಕೈಗೆ ಕೊಟ್ಟರೆ ಹೇಗೆ? ಕೆಮಿಸ್ಟ್ರಿ, ಮೈಕ್ರೊಬಯಾಲಜಿ ಓದುವ ಬಿಎಸ್‌ಸಿ ಗೆಳೆಯರಿಗೂ ಇದು ಸಾಧ್ಯ. ಕೆಲಸ ಹುಡುಕುತ್ತಿರುವವರು ಸಂದರ್ಶನದಲ್ಲಿ ‘ಪ್ರಾಜೆಕ್ಟ್ ಏನು ಮಾಡಿದ್ದೀರಿ?’ ಎಂದಾಗ ಧೈರ್ಯವಾಗಿ ಹೇಳಬಹುದಾದ ಕೆಲಸ ಇದು. ಗ್ರಾಮ ಪಂಚಾಯಿತಿಗಳೂ ಅಷ್ಟೇ, ವರ್ಷಕ್ಕೆರಡು ಸಲ ಕಿಟ್ ಹಿಡಿದು ಊರು ಸುತ್ತುವಾಗ ಖಾಸಗಿ ಬಾವಿಗಳನ್ನೂ ಪಟ್ಟಿಗೆ ಸೇರಿಸಲಿ. ಕೂಸು, ಬಸುರಿ ಇರುವ ಮನೆಗಳಿಂದಲೇ ಶುರುವಾಗಲಿ.

ಈ ಸಲ ಮಳೆ ಶುರುವಾಗುವ ಮುಂಚೆ ಹಾಸ್ಟೆಲ್‌ಗೆ ಫೋನ್ ಬಂತು. ಆಯಿಯದು. ಊಟ ಆಯಿತಾ, ಪರೀಕ್ಷೆ ಯಾವಾಗ ಎಂದೆಲ್ಲ ಕೇಳಿ ಕೊನೆಗೆ ಹೇಳಿದಳು: ‘ಬರೂವಾಗ ಆ ಸಣ್ಣ ಬಾಟ್ಲಿ ತಗೊಂಡ ಬಾ. ನಮ್ಮ ಬಾವೀಗೂ ಪರೀಕ್ಷಾ ಟೈಮ್ ಆತು.’